ಅಮಾಸಿಗೊಮ್ಮೆ ಹತ್ತುವ ದೀಪ

ನಲ್ಲಿಯಲ್ಲಿ ನೀರಿಗಿಂತ ಮೊದಲು ಗಾಳಿ ಬುಸುಗುಡುತ್ತದೆ. ಹೊಳೆಮ್ಮ ಏಳುವುದು ಆ ಗಾಳಿಯ ಸದ್ದಿಗೆ. ಎದ್ದವಳು ಮೊದಲು ಡ್ರಮ್ಮು, ಆಮೇಲೆ ಕೊಡಗಳು, ಆಮೇಲೆ ಬಚ್ಚಲ ಹಂಡೆ ತುಂಬಿಸಬೇಕು. ಅವು ತುಂಬುವಷ್ಟರಲ್ಲಿ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆದಿರಬೇಕು. ರಾತ್ರಿಯ ಪಾತ್ರೆ ತಿಕ್ಕಬೇಕು. ಹಂಡೆಯ ಒಲೆಗೆ ಉರಿ ಹಚ್ಚಿ, ಆ ಉರಿಯ ಮೇಲೊಂದು ಕಣ್ಣಿಟ್ಟುಕೊಂಡೇ ಒಳಗೆ ಗ್ಯಾಸಿನ ಮೇಲೆ ಹಂಚಿಟ್ಟು ರೊಟ್ಟಿ ಬಡಿಯಬೇಕು. ಗಂಡನ ಸೊಂಟಕ್ಕೆ ಬಿಸಿನೀರಿನ ಚೀಲ, ಅತ್ತೆಯ ಮೊಣಕಾಲಿಗೆ ಎಣ್ಣೆ, ಮಗಳ ಡಬ್ಬಿಗೆ ಪಲ್ಯ. ಗಂಡನ ಮಾತ್ರೆ ತಿಂಡಿಗೆ ಮೊದಲು, ಅತ್ತೆಯದು ತಿಂಡಿಯಾದ ಮೇಲೆ. ಅದಲುಬದಲಾದರೆ ಇಬ್ಬರ ಹೊಟ್ಟೆಯೂ ಕೆಡುತ್ತದೆ, ಅದನ್ನು ತೊಳೆಯುವ ಕೆಲಸ ಬೇರೆ. ಹಾಲು ಕಾಸಬೇಕು, ಬಟ್ಟೆ ನೆನೆಹಾಕಬೇಕು, ಮಧ್ಯಾಹ್ನದ ಅನ್ನಕ್ಕೆ ಅಕ್ಕಿ ಅಳೆದು ಕುಕ್ಕರಿನ ಪಕ್ಕ ಇಡಬೇಕು.

ಇಷ್ಟಾದ ಮೇಲೆ ಗಾಡಿ. ಸೀಟಿನ ಸಂದಿಯಲ್ಲಿ ಪ್ರವಾಸಿಗರು ಉದುರಿಸಿದ ಚಿಪ್ಸು, ಕಾಲಡಿಯ ಮ್ಯಾಟಿನಲ್ಲಿ ಹಂಪಿಯ ಮರಳು, ಬಾಗಿಲ ಅಂಚಿನಲ್ಲಿ ಸಂಡೂರಿನ ಕೆಂಪು ಧೂಳು. ಅದನ್ನೆಲ್ಲ ಒರೆಸಿ, ಆಯಿಲ್ ಕಡ್ಡಿ ಎಳೆದು ನೋಡಿ, ಟೈರು ಒತ್ತಿ ನೋಡಿ, ಸೀರೆಯ ಮೇಲೆ ಖಾಕಿ ಅಂಗಿ ತೊಡುವಷ್ಟರಲ್ಲಿ ಅವರ ಊರು ಮಲಪನಗುಡಿಯ ಮೇಲೆ ಬೆಳಕು ಹರಿಯುತ್ತದೆ. ಆಗ ಗಂಡ ಹನುಮೇಶ ಎದ್ದು, ಫೋನು ನೋಡಿ, ಕೆಲಸಕ್ಕೆ ಹೊತ್ತಾಯಿತೆಂದು ಅವಳಿಗೆ ಹೇಳುತ್ತಾನೆ.

ಈ ಮನೆಯಲ್ಲಿ ಕೆಲಸವೆಂದರೆ ಗಾಡಿ ಓಡಿಸುವುದು. ಅದಕ್ಕಿಂತ ಮೊದಲು ಆದದ್ದಕ್ಕೆ ಹೆಸರಿಲ್ಲ.

ಹೊಳೆಮ್ಮ ಕಂಪ್ಲಿ ಕಡೆಯ ಮೆಟ್ರಿಯವಳು. ಹೊಳೆ ತುಂಬಿ ಗದ್ದೆಗೆ ನುಗ್ಗಿದ ವರ್ಷ ಹುಟ್ಟಿದ್ದಕ್ಕೆ ಆ ಹೆಸರಿಟ್ಟರಂತೆ. ಸ್ಟಿಯರಿಂಗ್ ಹಿಡಿಯುತ್ತೇನೆಂದು ಅವಳು ಯಾವತ್ತೂ ಅಂದುಕೊಂಡವಳಲ್ಲ. ಯಶವಂತನಗರದಿಂದ ಅದಿರು ಲಾರಿ ಓಡಿಸುತ್ತಿದ್ದ ಹನುಮೇಶ, ಮೈ ಮುರಿಯುವ ಆ ಕೆಲಸ ಬಿಟ್ಟು ಹಂಪಿ ನೋಡಲು ಬರುವವರಿಗೆ ಬಾಡಿಗೆ ಹೊಡೆಯೋಣವೆಂದು ಡೀಸೆಲ್ ಗಾಡಿ ತಂದ. ತಂದ ವರ್ಷವೇ ಬೆನ್ನಿನ ಡಿಸ್ಕು ಜಾರಿತು. ಡಾಕ್ಟರು ಡ್ರೈವಿಂಗ್ ಬೇಡವೇ ಬೇಡ ಅಂದರು. ಸಂಬಳಕ್ಕಿಟ್ಟ ಡ್ರೈವರುಗಳಲ್ಲಿ ಒಬ್ಬ ಕುಡಿಯುತ್ತಿದ್ದ, ಇನ್ನೊಬ್ಬ ಬೈಪಾಸಿನ ಕಂಬಕ್ಕೆ ಗಾಡಿ ಉಜ್ಜಿ ಹೇಳದೇ ಹೋದ. ಗಾಡಿ ಅಂಗಳದಲ್ಲಿ ನಿಂತಿತು.

ಆಗ ಬಾಯಿ ತೆರೆದವಳು ಅತ್ತೆ ಚೆನ್ನಬಸಮ್ಮ. ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತವಳು ತಲೆ ಎತ್ತದೆ, "ಇಕಿ ಕಲೀಲಿ. ಮನಿ ನಾ ನೋಡ್ಕೊಂತೀನಿ" ಅಂದಳು.

ಹನುಮೇಶ ಮೊದಲು ನಕ್ಕ. ಆಮೇಲೆ ಬೇರೆ ದಾರಿ ಕಾಣದೆ, ಕಾಲುವೆ ಪಕ್ಕದ ಬಯಲಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಬೈಯುತ್ತ ಬೈಯುತ್ತ ಕಲಿಸಿದ. ಲೈಸೆನ್ಸು ಬಂತು. ಮನೆ ನೋಡಿಕೊಳ್ಳುತ್ತೇನೆಂದ ಚೆನ್ನಬಸಮ್ಮನಿಗೆ ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಹಾಗಾಗಿ ಮನೆ ಹೊಳೆಮ್ಮನ ಕೈಯಲ್ಲೇ ಉಳಿಯಿತು, ಗಾಡಿ ಅದರ ಮೇಲೆ ಬಂತು. ಆದರೂ ಆ ದಿನ ಆ ಒಂದು ಮಾತು ಆಡಿದವಳು ಅತ್ತೆ ಎಂಬುದನ್ನು ಹೊಳೆಮ್ಮ ಮರೆತಿರಲಿಲ್ಲ.

ಸ್ಟೇಷನ್ನಿನಿಂದ ಹೋಟೆಲು, ಹೋಟೆಲಿನಿಂದ ಹಂಪಿ, ಹಂಪಿಯಲ್ಲಿ ಒಂದು ಗುಡಿಯಿಂದ ಇನ್ನೊಂದು ಗುಡಿ. ಗಾಡಿ ಹೊರಟ ಸ್ವಲ್ಪ ಹೊತ್ತಿಗೇ ನಿಲ್ಲುತ್ತಿತ್ತು. ಲೇಡಿ ಡ್ರೈವರ್ ಎಂದು ಪ್ರವಾಸಿಗರು ಅವಳ ಫೋಟೋ ತೆಗೆಯುತ್ತಿದ್ದರು. ನಗು ಅಂದರೆ ನಗುತ್ತಿದ್ದಳು. ಖುಷಿಯೋ ಬೇಸರವೋ ಎಂದು ಯಾರಾದರೂ ಕೇಳಿದ್ದರೆ ಅವಳು ಹುಡುಕಬೇಕಾಗುತ್ತಿತ್ತು. ಕೆಲವು ವರ್ಷಗಳಿಂದ ಅವಳಿಗೆ ಏನೂ ಮುಟ್ಟುತ್ತಿರಲಿಲ್ಲ. ಹಂಚು ಸುಟ್ಟು ಬೆರಳಲ್ಲಿ ಗುಳ್ಳೆ ಎದ್ದಿದ್ದು ಎಷ್ಟೋ ಸಲ ಮಗಳು ತೋರಿಸಿದ ಮೇಲೆ ಕಾಣುತ್ತಿತ್ತು. ಉರೀತೇನು ಎಂದು ಮಗಳು ಕೇಳಿದರೆ, ಬೆರಳನ್ನೇ ನೋಡಿ, ಗೊತ್ತಿಲ್ಲ ಅನ್ನುತ್ತಿದ್ದಳು. ಸುಳ್ಳಲ್ಲ, ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.

ಒಂದು ಮಾತ್ರ ಗೊತ್ತಿತ್ತು. ದಿನವಿಡೀ ಅವಳು ಕೂತು ಮಾಡುವ ಕೆಲಸ ಅದೊಂದೇ. ಗಾಲಿ ಉರುಳುತ್ತಿರುವಷ್ಟು ಹೊತ್ತು ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳಿದರೂ ಹಿಂದಿನ ಸೀಟಿನವರು ದಾರಿ ಕೇಳುತ್ತಿದ್ದರು, ಉಪ್ಪಿನಕಾಯಿ ಕೇಳುತ್ತಿರಲಿಲ್ಲ.

ಈ ಸೀಮೆಯಲ್ಲಿ ಅಮಾವಾಸ್ಯೆ ದಿನ ಪೂಜೆಯಾಗದೆ ಬಾಡಿಗೆ ಗಾಡಿ ಅಂಗಳ ಬಿಡುವುದಿಲ್ಲ. ಗಾಲಿಗೆ ನಿಂಬೆಹಣ್ಣು, ಗಾಜಿಗೆ ಕುಂಕುಮ, ಎದುರಿಗೊಂದು ತೆಂಗಿನಕಾಯಿ. ಎಲ್ಲ ಮನೆಯಲ್ಲೂ ಅಷ್ಟೇ. ಚೆನ್ನಬಸಮ್ಮನಿಗೆ ಅಷ್ಟು ಸಾಲದು. ಅವಳ ಗಂಡ ರಾಯಣ್ಣ ಅದಿರು ಲಾರಿಯ ಕ್ಲೀನರ್ ಆಗಿದ್ದ. ಸಂಡೂರಿನ ಇಳಿಜಾರಿನಲ್ಲಿ ಬ್ರೇಕು ಹತ್ತದೆ ಲಾರಿ ಉರುಳಿ ಸತ್ತ. ಆ ಅಮಾಸಿಯಲ್ಲಿ ಗಾಲಿಗಷ್ಟೇ ಪೂಜೆ ಮಾಡಿದ್ದರು, ಒಳಗೆ ಮಾಡಿರಲಿಲ್ಲ ಎಂಬುದು ಅವಳ ಲೆಕ್ಕ. ಅದಕ್ಕೇ ಈ ಗಾಡಿ ಬಂದಾಗಿನಿಂದ ಪ್ರತಿ ಅಮಾಸಿಗೆ ಬಾನೆಟ್ ಎತ್ತಿಸುತ್ತಾಳೆ. ನೋಯುವ ಕಾಲಲ್ಲೇ ಮಣೆ ಹತ್ತಿ ನಿಂತು, ಎಂಜಿನ್ನಿಗೆ ಆರತಿ ಎತ್ತಿ, ಒಡೆದ ಕಾಯಿಯ ನೀರನ್ನು ಕೂಸಿಗೆ ಎರೆದ ಹಾಗೆ ಸುತ್ತಲೂ ಎರೆಯುತ್ತಾಳೆ. ಎರೆಯುವಾಗ ಅವಳ ತುಟಿ ಅಲ್ಲಾಡುತ್ತಿರುತ್ತದೆ. ಏನು ಬೇಡಿಕೊಳ್ಳುತ್ತಾಳೆ ಎಂದು ಯಾರೂ ಕೇಳಿದ್ದಿಲ್ಲ.

ಹೊಳೆಮ್ಮ ಹೊರಗಾದ ದಿನಗಳಲ್ಲಿ ದೇವರ ಕೋಣೆಗೆ ಹೋಗುವಂತಿಲ್ಲ, ಪೂಜೆಯ ಸಾಮಾನು ಮುಟ್ಟುವಂತಿಲ್ಲ. ಗಾಡಿಯ ಮಾತು ಬೇರೆ. ಆ ದಿನಗಳಲ್ಲೂ ಬುಕಿಂಗ್ ಬರುತ್ತದೆ. ಬುಕಿಂಗ್ ಇದ್ದ ದಿನ ಮೈಲಿಗೆ ಇರುತ್ತಿರಲಿಲ್ಲ. ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ತಾನಾಗಿಯೇ ಹಾಗೆ ಆಗಿತ್ತು.

ದೀಪ ಹತ್ತಿದ ಮೇಲೆ ಮಾತ್ರ ಹನುಮೇಶನಿಗೆ ಮೈಲಿಗೆ ನೆನಪಾಯಿತು.

ಮೀಟರಿನ ಬೋರ್ಡಿನಲ್ಲಿ ಹತ್ತಿದ ಹಳದಿ ದೀಪ ಅದು. ಹೊಗೆ ಹೋಗುವ ಕೊಳವೆಯೊಳಗೆ ಡೀಸೆಲ್ಲಿನ ಮಸಿ ಹಿಡಿಯುವ ಫಿಲ್ಟರ್ ಒಂದಿರುತ್ತದೆ. ಅದು ಕಟ್ಟಿಕೊಂಡಿದೆ ಎಂದು ಆ ದೀಪದ ಅರ್ಥ. ಮೊದಲ ಸಲ ಅಮಾಸಿಯಾಗಿ ಸ್ವಲ್ಪ ದಿನಕ್ಕೆ ಹತ್ತಿತು. ಹೊಸಪೇಟೆಯ ಒಂದು ಗ್ಯಾರೇಜಿನವರು ಸೆನ್ಸರ್ ಹೋಗಿದೆ ಎಂದು ಹೊಸದು ಹಾಕಿದರು. ದೀಪ ಆರಿತು. ಮುಂದಿನ ಅಮಾಸಿ ಕಳೆದ ಮೇಲೆ ಮತ್ತೆ ಹತ್ತಿತು. ಅವರು ಕಂಪ್ಯೂಟರಿನಲ್ಲಿ ಅಳಿಸಿ ಕೊಟ್ಟರು. ಮೂರನೆಯ ಸಲ ಹತ್ತಿದ್ದು ಸಂಡೂರಿನ ಏರಿನಲ್ಲಿ. ಗಾಡಿಯಲ್ಲಿ ಗಣಿ ಕಂಪನಿಯ ಎಂಜಿನಿಯರುಗಳಿದ್ದರು. ಗಾಡಿಯ ಕಸುವು ಹೋಯಿತು. ಎಷ್ಟು ತುಳಿದರೂ ನಡೆದು ಹೋಗುವವರ ಹಿಂದೆ ಬೀಳುವಷ್ಟು ನಿಧಾನ. ಹಿಂದೆ ಅದಿರು ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆದವು. ಎಂಜಿನಿಯರುಗಳು ಬೇರೆ ಗಾಡಿ ಕರೆಸಿಕೊಂಡು ಹೋದರು. ಹೊಳೆಮ್ಮ ರಸ್ತೆ ಬದಿಯಲ್ಲಿ ಕೂತು ಕೆಂಪು ಧೂಳು ತಿಂದಳು. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ.

ಸಂಜೆ ಹನುಮೇಶ ಗೋಡೆಗೆ ದಿಂಬು ಒರಗಿಸಿ ಕೂತಿದ್ದ. ಪಕ್ಕದಲ್ಲಿ ಅವನ ಚಿಕ್ಕಪ್ಪನ ಮಗ ಪಂಪೇಶ. ಪಂಪೇಶನಿಗೂ ಲೈಸೆನ್ಸಿತ್ತು, ಗಾಡಿ ಇರಲಿಲ್ಲ. ಹೊಸ ಸೆನ್ಸರ್ ಹಾಕಿಸಿದರೂ ಅದೇ ಕಥೆಯಾದರೆ ದೋಷ ಗಾಡಿಯದಲ್ಲ, ಓಡಿಸುವವಳದು ಎಂದು ಹನುಮೇಶ ತೀರ್ಪು ಕೊಟ್ಟ. ಅಮಾಸಿಯ ಆಸುಪಾಸಿಗೇ ಇವಳು ಹೊರಗಾಗುತ್ತಾಳೆ, ಪೂಜೆ ಮಾಡಿದ ಗಾಡಿಯನ್ನು ಅದೇ ಮೈಯಲ್ಲಿ ಹತ್ತುತ್ತಾಳೆ, ಇನ್ನೇನಾಗುತ್ತದೆ ಅಂದ. ಹತ್ತು ಎಂದು ಪ್ರತಿ ಸಲ ಕೀಲಿ ಕೊಟ್ಟವನು ಅವನೇ.

ಪಂಪೇಶನ ಬಳಿ ಎಲ್ಲಕ್ಕೂ ಉಪಾಯವಿತ್ತು.

"ಅಣ್ಣಾ, ಆ ಫಿಲ್ಟರ್ ಕೊರದು ಒಗದುಬಿಟ್ರ ಆತು. ಕಂಪ್ಯೂಟರಿಗೆ ಸುಳ್ಳು ಹೇಳಾಕ ನನ್ನ ದೋಸ್ತ ಅದಾನ. ಗಾಡಿ ನಾ ಓಡಿಸ್ತೀನಿ. ಅತ್ತಿಗಿ ಇಷ್ಟು ದಿನ ದುಡದಿದ್ದ ಹೆಚ್ಚು, ಇನ್ನ ಮನ್ಯಾಗ ಆರಾಮ್ ಇರ್ಲಿ."

ಹೊಳೆಮ್ಮ ತಳ ಹತ್ತಿದ ಅನ್ನದ ಪಾತ್ರೆ ಕೆರೆಯುತ್ತಿದ್ದಳು. ಆರಾಮ್ ಎಂಬ ಮಾತು ಕೇಳಿ ಕೈ ಒಂದು ಕ್ಷಣ ನಿಂತಿತು. ಈ ಮನೆಯ ಯಾವ ಮೂಲೆಯಲ್ಲಿ ಅದು ಇದೆ ಎಂದು ಯೋಚಿಸಿದಳು. ಮತ್ತೆ ಕೆರೆದಳು. ಕೆರೆಯುತ್ತಲೇ, ಕೊರೆಯುವ ಮೊದಲು ಕಂಪ್ಲಿ ರೋಡಿನ ಮೂಕಪ್ಪನ ಗ್ಯಾರೇಜಿನಲ್ಲಿ ಒಂದು ಸಲ ತೋರಿಸುತ್ತೇನೆ ಅಂದಳು. ಮೂಕಪ್ಪ ಹನುಮೇಶನ ಲಾರಿ ದಿನಗಳ ಗೆಳೆಯ. ಆ ಹೆಸರಿಗೆ ಹನುಮೇಶ ಒಪ್ಪಿದ, ಒಂದು ಗೆರೆ ಎಳೆದೇ ಒಪ್ಪಿದ.

"ತೋರ್ಸು. ಬರೋ ಅಮಾಸಿ ಆದಮ್ಯಾಲೆ ಮತ್ತ ಆ ದೀಪ ಹತ್ತಿತಂದ್ರ ಕೀಲಿ ಪಂಪೇಶನ ಕೈಗೆ. ಆಮ್ಯಾಲೆ ನನ್ನ ಕೇಳಬ್ಯಾಡ."

ಮೂಕಪ್ಪ ಕಂಪ್ಯೂಟರ್ ಇರುವ ಗಾಡಿ ಮುಟ್ಟುವುದಿಲ್ಲ. ಅದನ್ನು ನೋಡುವವಳು ಅವನ ಮಗಳು ಸುಧಾರಾಣಿ. ಹೊಸಪೇಟೆಯಲ್ಲಿ ಐಟಿಐ ಮುಗಿಸಿ, ಬಳ್ಳಾರಿಯ ಶೋರೂಮಿನಲ್ಲಿ ಎರಡು ವರ್ಷ ದುಡಿದು ಬಂದವಳು. ಹೊಳೆಮ್ಮ ಕತೆ ಹೇಳಿದಳು. ಹೇಳುವಾಗ ಮೈಲಿಗೆಯ ಭಾಗ ಬಿಟ್ಟಳು. ಸುಧಾರಾಣಿ ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರಿನ ವೈರು ಚುಚ್ಚಿ, ಬಂದ ಕೋಡು ಓದಿ, ಫಿಲ್ಟರಿನ ಒತ್ತಡದ ಸೆನ್ಸರ್ ಎಂದು ಹೇಳುತ್ತಿದೆ ಅಂದಳು.

ಅದನ್ನು ಬದಲಿಸಿ ಆಗಿದೆ ಎಂದಳು ಹೊಳೆಮ್ಮ.

"ಕೋಡ್ ಅಂದ್ರ ಚಾಡಿ ಇದ್ದಂಗ ಅಕ್ಕಾ. ಯಾರ ಮ್ಯಾಲ ಹೇಳಾಕತ್ತೈತಿ ಅಂತ ಅಷ್ಟ ನೋಡಿದ್ರ ಸಾಲಂಗಿಲ್ಲ. ಯಾಕ ಹೇಳಾಕತ್ತೈತಿ ಅಂತಾನೂ ನೋಡ್ಬೇಕು."

ಅವಳು ಎಂಜಿನ್ ಬಂದ್ ಮಾಡಿ ಕೀಲಿಯನ್ನಷ್ಟೇ ತಿರುಗಿಸಿಟ್ಟಳು. ಫಿಲ್ಟರಿನ ಮುಂದೊಂದು ಹಿಂದೊಂದು ಸಣ್ಣ ಪೈಪು ಬರುತ್ತವೆ, ಎರಡು ಕಡೆಯ ಒತ್ತಡದ ಅಂತರವನ್ನು ಸೆನ್ಸರ್ ಅಳೆಯುತ್ತದೆ, ಅಂತರ ಹೆಚ್ಚಾದರೆ ಫಿಲ್ಟರ್ ಕಟ್ಟಿದೆ ಎಂದರ್ಥ ಎಂದು ಹೇಳುತ್ತಲೇ ಪರದೆಯನ್ನು ಹೊಳೆಮ್ಮನ ಕಡೆ ತಿರುಗಿಸಿದಳು.

"ಈಗ ಎಂಜಿನ್ ಬಂದ್ ಐತಿ. ಹೊಗಿ ಇಲ್ಲ, ಏನಿಲ್ಲ. ಇಲ್ಲಿ ಸೊನ್ನಿ ಬರ್ಬೇಕು. ಇದು ನೋಡ್ರಿ, ಸುಮ್ನ ನಿಂತ ಗಾಡಿ ಮ್ಯಾಲ ಉಸುರು ಕಟ್ಟೈತಿ ಅಂತ ಬಾಯಿ ಬಡಕೊಳ್ಳಾಕತ್ತೈತಿ."

ಪರದೆಯ ಮೇಲೆ ಅಂಕಿ ದೊಡ್ಡದಿತ್ತು, ಒಂದು ಕಡೆ ನಿಲ್ಲದೆ ಕುಣಿಯುತ್ತಿತ್ತು. ಸುಧಾರಾಣಿ ಬಾನೆಟ್ ಎತ್ತಿ ಎರಡೂ ಪೈಪು ಬಿಚ್ಚಿದಳು. ಊದಿ ನೋಡಿದಳು, ಬಗ್ಗಿಸಿ ನೋಡಿದಳು, ಕಟ್ಟಿರಲಿಲ್ಲ, ಸೀಳಿರಲಿಲ್ಲ. ಪೈಪುಗಳನ್ನು ಮೊದಲಿದ್ದ ಕಡೆಗೇ ಕೂರಿಸಿ, ಸೆನ್ಸರಿಗೆ ಹೋಗುವ ವೈರನ್ನು ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿದಳು. ಅಂಕಿ ಜಿಗಿಯಿತು. ಮತ್ತೆ ಅಲ್ಲಾಡಿಸಿದಳು. ಮತ್ತೆ ಜಿಗಿಯಿತು. ವೈರಿನ ತುದಿಯ ಕನೆಕ್ಟರ್ ಎಳೆದು ತೆಗೆದು ಬೆಳಕಿಗೆ ಹಿಡಿದಳು. ಒಳಗಿನ ಪಿನ್ನುಗಳಿಗೆ ಹಸಿರು ಕಿಲುಬು ಕಟ್ಟಿತ್ತು. ಸಂದಿಯಲ್ಲಿ ಸತ್ತ ಇರುವೆಗಳು, ಸಾಸಿವೆ ಉದುರಿಸಿದ ಹಾಗೆ.

"ಅಕ್ಕಾ, ಎಂಜಿನ್ನಿಗೆ ಏನ್ ಕುಡಿಸ್ತೀರಿ?"

ಹೊಳೆಮ್ಮ ಬಗ್ಗಿದಳು. ಹುಳಿಯಾದ ತೆಂಗಿನ ವಾಸನೆ ಬಂತೋ, ಬಂದ ಹಾಗಾಯಿತೋ. ಮಣೆಯ ಮೇಲೆ ಅತ್ತೆ ನಿಂತದ್ದು, ಅವಳ ಅಲ್ಲಾಡುವ ತುಟಿ ಕಣ್ಣಿಗೆ ಬಂದವು. ಅಮಾಸಿ ಪೂಜೆ, ಕಾಯಿ ನೀರು ಎಂದಷ್ಟೇ ಹೇಳಿದಳು. ಯಾರು ಎರೆಯುತ್ತಾರೆ ಎಂದು ಹೇಳಲಿಲ್ಲ.

ಸುಧಾರಾಣಿ ನಗಲಿಲ್ಲ. ತಮ್ಮ ಅಜ್ಜಿ ಬ್ಯಾಟರಿಯ ತಲೆಗೇ ಕುಂಕುಮ ಇಡುತ್ತಿದ್ದಳು, ಅಪ್ಪನೂ ಸುಮ್ಮನಿರುತ್ತಿದ್ದ ಅಂದಳು. ಎಂಜಿನ್ ಬಿಸಿಗೆ ನೀರು ಆರಿ ಹೋಗುತ್ತದೆ, ಸಿಹಿ ಉಳಿಯುತ್ತದೆ, ಸಿಹಿಗೆ ಇರುವೆ, ಅಂಟಿಗೆ ಧೂಳು, ಆಮೇಲೆ ಕಿಲುಬು, ಅಮಾಸಿಯಿಂದ ಅಮಾಸಿಗೆ ಹೆಚ್ಚುತ್ತ. ಅದಕ್ಕೇ ಪೂಜೆಯ ದಿನವೇ ಹತ್ತದೆ ದೀಪ ನಾಲ್ಕು ದಿನ ತಡೆದು ಹತ್ತುತ್ತದೆ. ಮೊದಲಿನವರು ಸೆನ್ಸರ್ ಬದಲಿಸುವಾಗ ಕನೆಕ್ಟರ್ ಬಿಚ್ಚಿ ಹಾಕಿದ್ದಕ್ಕೆ ಕಿಲುಬು ಸ್ವಲ್ಪ ಉಜ್ಜಿ ಹೋಗಿ ಗಾಡಿ ಸುಮ್ಮನಾಗಿತ್ತು. ಹಳೇ ಸೆನ್ಸರೂ ಸರಿಯಾಗಿಯೇ ಇತ್ತೇನೋ.

ಹಲ್ಲುಜ್ಜುವ ಬ್ರಷ್ಷಿಗೆ ಕ್ಲೀನರ್ ಹೊಡೆದು ಅವಳು ಪಿನ್ನುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳು. ಹೊಳೆಮ್ಮ ಟಾರ್ಚು ಹಿಡಿದು ನಿಂತಿದ್ದಳು. ನಿಂತಲ್ಲಿಂದಲೇ, ಬಾನೆಟ್ಟಿನೊಳಗೆ ಕೇಳಿದ ಹಾಗೆ ಕೇಳಿದಳು.

"ಹೆಂಗಸರು ಆ ದಿನ ಗಾಡಿ ಮುಟ್ಟಿದ್ರ ಹಿಂಗ ಆಗ್ತೈತೇನು?"

ಸುಧಾರಾಣಿ ಬ್ರಷ್ಷು ನಿಲ್ಲಿಸಲಿಲ್ಲ. "ನನಗ ಇವತ್ತು ಎರಡನೇ ದಿನ ಅಕ್ಕಾ. ಸ್ಕ್ಯಾನರ್ ಏನಾದ್ರೂ ಅಂತೇನು?"

ಒಂದು ಪಿನ್ನು ಪೂರ್ತಿ ತಿಂದು ಹೋಗಿತ್ತು, ಅದನ್ನು ಬದಲಿಸಿದಳು. ಕರೆಂಟು ಅಳೆಯುವ ಮೀಟರಿನ ಕಡ್ಡಿ ಇಟ್ಟು ಅದು ಸರಿಯಾಗಿ ಬರುತ್ತಿದೆಯೇ, ಅರ್ಥ್ ಸರಿಯಿದೆಯೇ ನೋಡಿದಳು. ಗ್ರೀಸಿನಂಥದ್ದನ್ನು ಸವರಿ ಕನೆಕ್ಟರ್ ಒತ್ತಿ ಕೂರಿಸಿದಳು. ಪರದೆಯಲ್ಲಿ ಅಂಕಿ ಕೆಳಗಿಳಿದು ಸೊನ್ನೆಗೆ ಬಂದು ನಿಂತಿತು. ಅಲ್ಲಾಡಿಸಿದರೂ ಅಲ್ಲೇ ನಿಂತಿತ್ತು.

ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ಫಿಲ್ಟರಿನಲ್ಲಿ ಕೂಡಿದ ಮಸಿಯನ್ನು ಗಾಡಿ ಓಡುವಾಗ ತಾನೇ ಸುಟ್ಟುಕೊಳ್ಳಬೇಕು, ಸೆನ್ಸರಿನ ಮಾತು ನಂಬಲಾಗದೆ ಇಷ್ಟು ದಿನ ಸುಡದೆ ಹಾಗೇ ಬಿಟ್ಟಿತ್ತು. ಅದು ಸುಟ್ಟು ಹೋಗಬೇಕಾದರೆ ಹೈವೇಯಲ್ಲಿ ಒಂದೇ ಹದಕ್ಕೆ ಅರ್ಧ ತಾಸು, ಮುಕ್ಕಾಲು ತಾಸು ಓಡಬೇಕು. ಹೋಟೆಲು, ಗುಡಿ ಎಂದು ನಿಂತು ನಿಂತು ಓಡಿದರೆ ಫಿಲ್ಟರ್ ಬಿಸಿಯೇ ಆಗುವುದಿಲ್ಲ.

"ನಡುವ ಯಾರು ಕರದ್ರೂ ನಿಲ್ಲಬ್ಯಾಡ್ರಿ ಅಕ್ಕಾ. ನಿಂತ್ರ ಮತ್ತ ಮೊದ್ಲಿಂದ."

ಹೊಸಪೇಟೆ ದಾಟಿ ಹೈವೇ ಹತ್ತುವಾಗ ಹೊಳೆಮ್ಮ, ಅರ್ಧ ತಾಸು ನಡುವೆ ಏಳದೆ ತಾನು ಮಾಡಿದ ಕೆಲಸ ಯಾವುದು ಎಂದು ಹುಡುಕಿದಳು. ರೊಟ್ಟಿ ಬಡಿಯುವಾಗ ಎಷ್ಟು ಸಲ ಏಳುತ್ತಾಳೋ ಅವಳಿಗೇ ತಿಳಿಯದು. ಊಟದ ತಟ್ಟೆಯಿಂದ ಎದ್ದಿದ್ದಾಳೆ, ಸ್ನಾನದ ನಡುವೆ ಎದ್ದಿದ್ದಾಳೆ. ಹೆರಿಗೆ ನೋವು ತಿನ್ನುತ್ತ ಗೋಡೆ ಹಿಡಿದು ನಿಂತಾಗಲೂ ಹಾಲಿಗೆ ಹೆಪ್ಪು ಹಾಕಿದೆಯೇನು ಎಂದು ಕೇಳಿದ್ದರು. ಹಾಕಿರಲಿಲ್ಲ. ಹೋಗಿ ಹಾಕಿ ಬಂದಿದ್ದಳು.

ಸುರಂಗ ದಾಟಿತು. ಡ್ಯಾಮಿನ ಹಿನ್ನೀರು ಬಲಗಡೆ ತಗಡಿನ ಹಾಗೆ ಹೊಳೆಯುತ್ತ ಬಂದು ಹಿಂದೆ ಹೋಯಿತು. ಅವಳು ಒಂದೇ ಗೇರಿನಲ್ಲಿ, ಕಾಲು ಒಂದೇ ಹದದಲ್ಲಿ ಇಟ್ಟು ಮರಿಯಮ್ಮನಹಳ್ಳಿ ಕಡೆ ಓಡಿಸುತ್ತಿದ್ದಳು. ಎಂಜಿನ್ನಿನ ಸದ್ದು ಗಡುಸಾಯಿತು. ಬಿಸಿ ಕಬ್ಬಿಣದ ವಾಸನೆ ಬಂತು. ಸುಡಲು ಶುರುವಾದಾಗ ಹೀಗಾಗುತ್ತದೆ, ಹೆದರಬೇಡಿ ಎಂದು ಸುಧಾರಾಣಿ ಹೇಳಿದ್ದಳು.

ಫೋನು ಹೊಡೆದುಕೊಂಡಿತು. ಸ್ಟಿಯರಿಂಗಿನ ಪಕ್ಕದ ಸ್ಟ್ಯಾಂಡಿನಲ್ಲಿ ಗಂಡನ ಹೆಸರು ಬೆಳಗಿತು. ಅವಳು ನೋಡಿದಳು. ಕೈ ಅಭ್ಯಾಸಕ್ಕೆ ಎದ್ದು, ಅರ್ಧಕ್ಕೆ ನಿಂತು, ಸ್ಟಿಯರಿಂಗಿಗೆ ಮರಳಿತು. ಹೊಡೆದು ಹೊಡೆದು ನಿಂತಿತು. ಮತ್ತೆ ಹೊಡೆಯಿತು. ಹಿಂದೆ ಹಾಗೆ ಎತ್ತದೇ ಬಿಟ್ಟಿದ್ದು ನೆನಪಿಲ್ಲ. ಎದೆ ಹೊಡೆದುಕೊಳ್ಳುತ್ತದೆ ಎಂದುಕೊಂಡಳು, ಅದೂ ಇಲ್ಲ. ರಸ್ತೆ ಬಂದಂತೆ ಬಂದಿತು, ಅವಳು ಓಡಿಸಿದಳು. ದೀಪ ಯಾವಾಗ ಆರಿತೋ ಅವಳು ನೋಡಲಿಲ್ಲ. ಮತ್ತೊಮ್ಮೆ ಫೋನಿನ ಕಡೆ ಕಣ್ಣು ಹೋದಾಗ ಮೀಟರಿನ ಬೋರ್ಡಿನಲ್ಲಿ ಹಳದಿ ಇರಲಿಲ್ಲ, ಅಷ್ಟೇ.

ಮನೆಗೆ ಬಂದಾಗ ಹನುಮೇಶ ಕೂಗಾಡಿ ಸುಸ್ತಾಗಿದ್ದ. ಮಾತ್ರೆ ಡಬ್ಬಿ ಸಿಗಲಿಲ್ಲವಂತೆ. ಡಬ್ಬಿ ಎಂದಿನ ಗೂಡಿನಲ್ಲೇ ಇತ್ತು. ತೆಗೆದು ಕೊಟ್ಟಳು. ಮಾತ್ರೆ ನುಂಗಿ ನೀರು ಕುಡಿದು ಅವನು ಗಾಡಿಗೆ ಏನಾಗಿತ್ತು ಎಂದು ಕೇಳಿದ.

ಚೆನ್ನಬಸಮ್ಮ ಮೂಲೆಯಲ್ಲಿ ಮೊಣಕಾಲು ನೀಡಿಕೊಂಡು ಕೂತಿದ್ದಳು. ಗಾಡಿ ಸರಿಯಾದ ಸುದ್ದಿ ಕೇಳಲು ಮುಖವೆತ್ತಿ ಕಾಯುತ್ತಿದ್ದಳು. ಕಾಯಿ ನೀರು ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಮೈಲಿಗೆಯ ಮಾತು ಬಿದ್ದು ಹೋಗುತ್ತದೆ. ಹನುಮೇಶನ ಬಾಯಿ ಆ ಮೂಲೆಗೆ ತಿರುಗುತ್ತದೆ. ಗಂಡನನ್ನು ನುಂಗಿದ ಇಳಿಜಾರಿನಿಂದ ಸೊಸೆಯನ್ನು ಕಾಯಲು ಎರೆದ ನೀರೇ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿತು ಎಂದು ಆ ಮುದುಕಿಗೆ ಗೊತ್ತಾಗುತ್ತದೆ.

"ವೈರಿಗೆ ಕಿಲುಬು ಹಿಡದಿತ್ತು" ಅಂದಳು ಹೊಳೆಮ್ಮ. "ತೊಳದು ಕೊಟ್ರು."

ಕಿಲುಬು ಹೇಗೆ ಹಿಡಿಯಿತು ಎಂದು ಅವನು ಕೇಳಿದ. ನೀರು ಅಂದಳು. ಗಾಡಿ ತೊಳೆಯುವವಳು ನೀನೇ ಅಲ್ಲವೇ ಎಂದು ಅವನು ದಿಂಬಿಗೆ ಒರಗಿದ. ಅಮಾಸಿಯ ಗೆರೆ ಎಳೆದದ್ದು ಎಳೆದಂತೆಯೇ ಇತ್ತು. ಚೆನ್ನಬಸಮ್ಮ ಕೈ ಮುಗಿದು, ಬರುವ ಅಮಾಸಿಗೆ ಎರಡು ಕಾಯಿ ಒಡೆಯುತ್ತೇನೆ, ಒಳಗೆಲ್ಲ ಚೆನ್ನಾಗಿ ಎರೆಯುತ್ತೇನೆ ಅಂದಳು.

ಒಂದು ಮಧ್ಯಾಹ್ನ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತ ಹೊಳೆಮ್ಮ, ಈ ಸಲ ಗಾಲಿಗಷ್ಟೇ ಮಾಡಿದರೆ ಹೇಗೆ ಎಂದು ಕೇಳಿ ನೋಡಿದಳು. ಚೆನ್ನಬಸಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು. ಬೆರಳುಗಳು ತಣ್ಣಗಿದ್ದವು.

"ಗಾಲಿಗೆ ಮಾಡಿದ್ದ ನಾ ನೋಡೀನಿ ಹೊಳೆಮ್ಮ. ಗಾಲಿಗೆ ಮಾಡಿದ್ದಕ್ಕ ಏನಾತು ಅಂತಾನೂ ನೋಡೀನಿ. ನನ್ನ ಕಣ್ಣ ಮುಂದ ಇನ್ನೊಂದು ಬ್ಯಾಡ."

ಮತ್ತೆ ಹೊಳೆಮ್ಮ ಆ ಮಾತು ಎತ್ತಲಿಲ್ಲ.

ಅಮಾಸಿಯ ಹಿಂದಿನ ಸಂಜೆ ಅವಳು ಹೊರಗಾದಳು. ಸೊಂಟದ ನೋವಿನಿಂದಲ್ಲ, ಬಟ್ಟೆ ನೋಡಿ ಗೊತ್ತಾಯಿತು. ಎಂದಿನಂತೆ ಅತ್ತೆಗೆ ಹೇಳಬೇಕು. ಹೇಳಿದರೆ ಬೆಳಿಗ್ಗೆ ಪೂಜೆಯ ಹತ್ತಿರ ಬರುವಂತಿಲ್ಲ, ಬಾನೆಟ್ ಎತ್ತಲು ಪಂಪೇಶ ಬರುತ್ತಾನೆ. ಎರಡು ಕಾಯಿಯ ನೀರು ಒಳಗೆ ಹೋಗುವುದನ್ನು ಅವಳು ದೂರ ನಿಂತು ನೋಡಬೇಕು. ನಾಲ್ಕು ದಿನಕ್ಕೆ ಹಳದಿ ದೀಪ. ಆಮೇಲೆ ಕೀಲಿ. ಆಮೇಲೆ ಆರಾಮ್.

ಅವಳು ಹೇಳಲಿಲ್ಲ. ಹೇಳಬಾರದೆಂದು ಗಟ್ಟಿ ಮಾಡಿಕೊಂಡದ್ದೂ ಅಲ್ಲ. ಒಗ್ಗರಣೆ ಹಾಕುವಾಗ, ತಟ್ಟೆ ಎತ್ತುವಾಗ, ಹಾಸಿಗೆ ಬಿಡಿಸುವಾಗ ಹೇಳುವ ಹೊತ್ತು ಬಂದು ಬಂದು ಹೋಯಿತು.

ಬೆಳಿಗ್ಗೆ ನಲ್ಲಿಯ ಗಾಳಿಗಿಂತ ಮೊದಲೇ ಎದ್ದಳು. ಅಂಗಳ ಗುಡಿಸಿದಳು. ರಂಗೋಲಿ ಎಳೆದಳು. ಹಂಡೆಗೆ ಉರಿ ಹಾಕಲಿಲ್ಲ. ಹೊಗೆಗೆ ಅತ್ತೆ ಕೆಮ್ಮುತ್ತಾಳೆ, ಕೆಮ್ಮಿದರೆ ಏಳುತ್ತಾಳೆ. ತಲೆಗೆ ತಣ್ಣೀರು ಸುರಿದುಕೊಂಡು, ಬೇರೆ ಸೀರೆ ಉಟ್ಟು, ದೇವರ ಕೋಣೆಯ ಬಾಗಿಲಿಗೆ ಬಂದಳು. ಹೊಸಿಲ ಮೇಲೆ ಕಾಲಿಡುವಾಗ ಏನೋ ಆಗುತ್ತದೆ ಎಂದು ಮೈ ಕಾದಿತ್ತು. ಹೊಸಿಲು ತಣ್ಣಗಿತ್ತು, ಅಷ್ಟೇ. ಕುಂಕುಮದ ಬಟ್ಟಲು, ನಿಂಬೆಹಣ್ಣು, ಅತ್ತೆ ಬುಟ್ಟಿಯಲ್ಲಿ ತೊಳೆದಿಟ್ಟಿದ್ದ ಎರಡು ಕಾಯಿ, ಒಂದು ಚೊಂಬು ತೆಗೆದುಕೊಂಡು ಹೊರಗೆ ಬಂದಳು.

ಗಾಡಿಗೆ ನೀರಿನ ಪೈಪು ಹಿಡಿಯಲಿಲ್ಲ. ಹಸಿ ಬಟ್ಟೆಯಲ್ಲಿ ಗಾಡಿ ಒರೆಸಿದಳು. ಗಾಲಿಗಳಿಗೆ ನಿಂಬೆಹಣ್ಣು ಇಟ್ಟಳು. ಗಾಜಿಗೆ ಕುಂಕುಮ ಹಚ್ಚಿದಳು, ಒಂದು ಬೊಟ್ಟು ಸ್ಟಿಯರಿಂಗಿಗೆ ಇಟ್ಟಳು. ಬಾನೆಟ್ಟಿನ ಮುಂದೆ ನಿಂತು ಅತ್ತೆ ಏನು ಬೇಡಿಕೊಳ್ಳುತ್ತಿದ್ದಳೋ ಅದೇ ಇರಲಿ ಎಂದು ಕೈ ಮುಗಿದಳು. ತನ್ನದು ಎಂದು ಬೇಡಲು ಬಾಯಿಗೆ ಏನೂ ಬರಲಿಲ್ಲ. ಕಾಯಿಗಳನ್ನು ಅಂಗಳದ ಕಲ್ಲಿಗೆ ಮೆಲ್ಲಗೆ ತಟ್ಟಿ ತಟ್ಟಿ ಸೀಳಿ, ನೀರನ್ನು ಚೊಂಬಿಗೆ ಇಳಿಸಿಕೊಂಡಳು. ಎಲ್ಲಿ ಚೆಲ್ಲುವುದೆಂದು ಒಂದು ಗಳಿಗೆ ನಿಂತಳು. ಆಮೇಲೆ ಚೊಂಬೆತ್ತಿ ಕುಡಿದಳು. ಗಟಗಟನೆ ಅಲ್ಲ, ಬಿಸಿ ಚಹಾ ಕುಡಿದ ಹಾಗೆ ಸ್ವಲ್ಪ ಸ್ವಲ್ಪವೇ. ಅರ್ಧ ಚೊಂಬು ಇಳಿದ ಮೇಲೆ ನಾಲಗೆಗೆ ಗೊತ್ತಾಯಿತು, ಸಿಹಿ ಇದೆ ಎಂದು.

ನಲ್ಲಿಯಲ್ಲಿ ಗಾಳಿ ಬುಸುಗುಟ್ಟಿತು. ಒಳಗೆ ಚೆನ್ನಬಸಮ್ಮ ಹಾಸಿಗೆಯಲ್ಲಿ ಮಗ್ಗಲು ಬದಲಿಸಿ ದೇವರ ಹೆಸರು ಹೇಳಿದ್ದು ಕೇಳಿಸಿತು.

ಹೊಳೆಮ್ಮ ನಾಲ್ಕೂ ಹೋಳುಗಳಿಗೆ ಕುಂಕುಮ ಹಚ್ಚಿ, ಬಾನೆಟ್ಟಿನ ಮೇಲೆ ಅಡ್ಡ ಸಾಲಾಗಿ ಇಟ್ಟಳು. ನಡುವೆ ಹೂವಿಟ್ಟು ಊದುಬತ್ತಿ ಸಿಗಿಸಿ ಹಚ್ಚಿದಳು. ಇನ್ನು ಆ ಮುಚ್ಚಳ ಎತ್ತಬೇಕೆಂದರೆ ಪೂಜೆ ಕದಲಿಸಬೇಕು. ಈ ಮನೆಯಲ್ಲಿ ಯಾರೂ ಅದನ್ನು ಮಾಡುವುದಿಲ್ಲ. ಮುಂದಿನ ಅಮಾಸಿಗೂ ಹೀಗೇ ಇಡಬೇಕು, ಅದರ ಮುಂದಿನದಕ್ಕೂ. ಎಂದಿನ ಕೆಲಸಗಳ ಮೊದಲಿಗೆ ಇನ್ನೊಂದು ಸೇರಿತು. ಅವಳು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಡ್ರಮ್ಮಿಗೆ ನೀರು ಬಿಡಲು ಹೋದಳು.